ಮೆಣಸಿನ ಬಳ್ಳಿಗೆ ಫಾಸ್ಫೋನೇಟ್: ಒಂದು ಮಳೆಗಾಲದ ಪ್ರಯೋಗದ ದಿನಚರಿ

ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ತೋಟದ ಕೆಳಗಿನ ಸಾಲಿನಲ್ಲಿ 11 ಮೆಣಸಿನ ಬಳ್ಳಿಗಳು ಹೋದವು. ಎಲ್ಲ ಅಪ್ಪಯ್ಯ ನೆಟ್ಟ ಮಲ್ಲಿಗೆಸರ ತಳಿ. ಮೊದಲು ಎಲೆಯ ಮೇಲೆ ಕಪ್ಪು ಮಚ್ಚೆ ಬಂತು. ಅದರ ಅಂಚು ನೂಲು ಬಿಚ್ಚಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿತ್ತು. ಆಮೇಲೆ ಎಲೆ ಉದುರಿತು, ಕವಲುಗಳು ಗಂಟಿನಲ್ಲಿ ಕಳಚಿ ಬಿದ್ದವು. ಬುಡ ಕೆರೆದರೆ ಒಳಗೆ ಕಪ್ಪು, ಕೊಳೆತ ವಾಸನೆ. ಸೊರಗು ರೋಗ ಅಂತ ಹೇಳಲು ಯಾರನ್ನೂ ಕೇಳಬೇಕಿರಲಿಲ್ಲ.

ಅವತ್ತೇ ಪೇಟೆಗೆ ಹೋಗಿ ಪೊಟ್ಯಾಸಿಯಂ ಫಾಸ್ಫೋನೇಟ್ ಅನ್ನುವ ಔಷಧಿ ತಂದೆ. ಸೊರಗಿದ ಪ್ರತಿ ಬಳ್ಳಿಯ ಬುಡಕ್ಕೂ ಹೊಯ್ದೆ. ಒಂದೂ ಉಳಿಯಲಿಲ್ಲ. ಔಷಧಿಯೇ ಸರಿ ಇಲ್ಲ ಅಂದುಕೊಂಡೆ. ಆದರೆ ಪಕ್ಕದ ಮನೆ ಅಣ್ಣ ಜೂನ್ ಮೊದಲ ವಾರದಲ್ಲಿ ಅದೇ ಔಷಧಿ ಹಾಕಿದ್ದ. ಅವನ ಬಳ್ಳಿಗಳು ಹಸಿರಾಗಿಯೇ ಇದ್ದವು. ಬೇಲಿಯ ಆಚೆ ನಿಂತು ಅವನು ಒಂದೇ ಮಾತು ಹೇಳಿದ: "ಬಳ್ಳಿಗೆ ಜೀವ ಇದ್ದಾಗ ಕೊಡಬೇಕಿತ್ತು ತಮ್ಮಾ."

ಆ ಮಾತು ನನ್ನನ್ನು ಬಿಡಲಿಲ್ಲ. ಔಷಧಿ ರೋಗಾಣುವನ್ನು ಕೊಲ್ಲುವುದಾದರೆ ಬಳ್ಳಿಗೆ ಜೀವ ಇದ್ದರೇನು, ಇಲ್ಲದಿದ್ದರೇನು? ವಿಷ ವಿಷವೇ ಅಲ್ವಾ? ಈ ಮಳೆಗಾಲ ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡೋಣ ಅಂತ ಹೊರಟೆ. ಕೃಷಿ ಬಿಎಸ್ಸಿ ಓದುತ್ತಿರುವ ಮಗಳು ಜೊತೆಗೆ ನಿಂತಳು. ಮಾಡಿದ್ದನ್ನು, ಕೆಟ್ಟದ್ದನ್ನು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಫೆಬ್ರವರಿ: ಸಸಿ ತಯಾರಿ

ಹಬ್ಬು ಬಳ್ಳಿಯಿಂದ ಎರಡು ಮೂರು ಗಂಟಿನ ತುಂಡು ಕತ್ತರಿಸಿ 50 ಕೊಟ್ಟೆಗಳಲ್ಲಿ ನೆಟ್ಟೆವು. ತುಂಡುಗಳನ್ನು ಮೇಲಿನ ಸಾಲಿನ ಆರೋಗ್ಯವಂತ ಬಳ್ಳಿಗಳಿಂದ ಮಾತ್ರ ತಂದೆವು. ಕೆಳಗಿನ ಸಾಲಿನ ಮಣ್ಣನ್ನೂ ಮುಟ್ಟಲಿಲ್ಲ. ಮಣ್ಣಿಗೆ ಮರಳು, ಹಳೇ ಗೊಬ್ಬರ ಸೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿನಲ್ಲಿ ಒಂದು ತಿಂಗಳು ಒಣಗಿಸಿದ್ದೆ. ಮೇ ಕೊನೆಗೆ 36 ಸಸಿಗಳು ಚೆನ್ನಾಗಿ ಚಿಗುರಿದ್ದವು. ಪ್ರತಿಯೊಂದರಲ್ಲೂ ಐದಾರು ಎಲೆ.

ಮೇ ಕೊನೆ ವಾರ: ನಾಲ್ಕು ಗುಂಪು

24 ಸಸಿಗಳನ್ನು ಆರಾರರಂತೆ ನಾಲ್ಕು ಗುಂಪು ಮಾಡಿದೆವು. ಉಳಿದ 12 ಪಕ್ಕಕ್ಕೆ ಇಟ್ಟೆವು. ಅವು ಆಮೇಲೆ ಬಹಳ ಉಪಯೋಗಕ್ಕೆ ಬಂದವು.

ಮೊದಲ ಗುಂಪಿಗೆ ಬರೀ ನೀರು. ಎರಡನೆಯದಕ್ಕೆ ಶೇಕಡ 1ರ ಬೋರ್ಡೋ. ಮೈಲುತುತ್ತ, ಸುಣ್ಣ, ನೀರು, ನಾವು ಅಡಿಕೆ ಕೊನೆಗೆ ಹೊಡೆಯುವ ಅದೇ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ. ಎಲೆಯ ಎರಡೂ ಬದಿಗೆ ಬೀಳುವ ಹಾಗೆ ಹೊಡೆದೆ. ಮೂರನೆಯ ಗುಂಪಿಗೆ ಫಾಸ್ಫೋನೇಟ್, ಲೀಟರಿಗೆ 3 ಎಂಎಲ್. ಎಲೆಗೂ ಹೊಡೆದೆ, ಕೊಟ್ಟೆಗೂ 200 ಎಂಎಲ್ ಹೊಯ್ದೆ.

ನಾಲ್ಕನೇ ಗುಂಪು ಮಗಳ ಯೋಚನೆ. ಸಸಿಯ ಮೇಲಿನ ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೆಳಗಿನ ಮೂರು ಎಲೆಗೆ ಮಾತ್ರ ಫಾಸ್ಫೋನೇಟ್ ಹೊಡೆದಳು. ಮಣ್ಣಿಗೆ ಹನಿ ಬೀಳದ ಹಾಗೆ ಬುಡಕ್ಕೆ ಹಳೇ ಪೇಪರ್ ಸುತ್ತಿದಳು. ಎಲೆ ಒಣಗಿದ ಮೇಲೆ ಚೀಲ ಬಿಚ್ಚಿದಳು. "ಅಪ್ಪಾ, ಔಷಧಿ ಬೀಳದ ಎಲೆ ಏನು ಮಾಡುತ್ತೆ ನೋಡೋಣ" ಅಂದಳು.

ಜೂನ್ 2ನೇ ವಾರ: ರೋಗ ಹಚ್ಚುವುದು

ರೋಗಾಣು ಹುಡುಕಲು ಕಷ್ಟವಾಗಲಿಲ್ಲ. ಹೋದ ವರ್ಷ ಬಳ್ಳಿ ಸತ್ತ ಜಾಗದ ಮಣ್ಣನ್ನು ಒಂದು ಡಬ್ಬಿಯಲ್ಲಿ ನೀರಿನಲ್ಲಿ ಕದಡಿ, ಮೇಲೆ ಮೆಣಸಿನ ಎಳೆ ಎಲೆ ತೇಲಿಬಿಟ್ಟೆವು. ಮೂರನೇ ದಿನ ಎಲೆಯ ಅಂಚಿನಿಂದ ಕಪ್ಪು ಹರಡಿತು. ಮಗಳು ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ನಿಂಬೆಹಣ್ಣಿನ ಆಕಾರದ ಬೀಜಕೋಶ ಕಂಡಿತು ಅಂತ ಫೋನ್ ಮಾಡಿದಳು. ಸೊರಗು ತರುವ ಫೈಟಾಫ್ತೊರಾ ಅದು.

ಇದರ ಬಗ್ಗೆ ಒಂದು ವಿಷಯ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನಾವು ಶಿಲೀಂಧ್ರ ಅಂತ ಕರೆಯುತ್ತೇವೆ. ಆದರೆ ಇದು ನಿಜವಾದ ಶಿಲೀಂಧ್ರ ಅಲ್ಲ. ನೀರಿನ ಪಾಚಿಗಳಿಗೆ ಹತ್ತಿರದ ಜೀವಿ. ಇದರ ಬೀಜಾಣುವಿಗೆ ಬಾಲ ಇದೆ, ನೀರಿನಲ್ಲಿ ಈಜುತ್ತದೆ. ನೀರು ನಿಂತಲ್ಲೇ ಬಳ್ಳಿ ಸಾಯುವುದು ಅದಕ್ಕೇ. ಬೇರೆ ರೋಗಗಳಿಗೆ ಹೊಡೆಯುವ ಕಾರ್ಬೆಂಡಜಿಮ್ ಇದಕ್ಕೆ ನಾಟುವುದಿಲ್ಲ. ನಮ್ಮೂರಿನಲ್ಲಿ ಸೊರಗಿಗೆ ಅದನ್ನು ಹೊಡೆದು ದುಡ್ಡು ಕಳೆದುಕೊಂಡವರು ಇದ್ದಾರೆ. ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. 1910ರಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ವರದಿ ಬರೆದು ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದರು. ನೂರು ವರ್ಷ ದಾಟಿದರೂ ನಮ್ಮ ಕೊನೆಗೌಡ ಮರ ಏರುವುದು ಅದೇ ದ್ರಾವಣ ಹಿಡಿದು.

ಔಷಧಿ ಕೊಟ್ಟ 12ನೇ ದಿನ ಎಲೆಗಳನ್ನು ಕೊಯ್ದೆವು. ತಿಂಡಿ ಡಬ್ಬಿಗಳಲ್ಲಿ ಒದ್ದೆ ಹತ್ತಿ ಹಾಸಿ, ಎಲೆಯನ್ನು ಬೆನ್ನು ಮೇಲೆ ಮಾಡಿ ಇಟ್ಟು, ರೋಗದ ಎಲೆಯ ಅಂಚಿನ ಪುಟ್ಟ ತುಂಡನ್ನು ನಡುವೆ ಕೂರಿಸಿ ಮುಚ್ಚಳ ಹಾಕಿದೆವು. ಬೋರ್ಡೋ ಗುಂಪಿನಲ್ಲಿ ಎರಡು ಬಗೆ ಎಲೆ ತೆಗೆದೆವು. ಔಷಧಿ ಬಿದ್ದ ಹಳೇ ಎಲೆ, ಮತ್ತೆ ಆಮೇಲೆ ಬಿಚ್ಚಿಕೊಂಡ ಹೊಸ ಎಲೆ.

72 ಗಂಟೆಗೆ ಸ್ಕೇಲ್ ಹಿಡಿದು ಮಚ್ಚೆ ಅಳೆದೆವು. ನೀರಿನ ಗುಂಪಿನಲ್ಲಿ ಸರಾಸರಿ 27 ಮಿಲಿಮೀಟರ್. ಬೋರ್ಡೋ ಬಿದ್ದ ಹಳೇ ಎಲೆಗಳಲ್ಲಿ ಆರರಲ್ಲಿ ನಾಲ್ಕಕ್ಕೆ ಮಚ್ಚೆಯೇ ಇಲ್ಲ. ಆದರೆ ಅದೇ ಸಸಿಯ ಹೊಸ ಎಲೆಯಲ್ಲಿ 25. ಅಂದರೆ ಬೋರ್ಡೋ ಕೊಡೆ ಇದ್ದ ಹಾಗೆ. ಬಿಡಿಸಿದಷ್ಟು ಜಾಗಕ್ಕೆ ಮಾತ್ರ ರಕ್ಷಣೆ. ಫಾಸ್ಫೋನೇಟ್ ಗುಂಪಿನಲ್ಲಿ 6. ಚೀಲ ಕಟ್ಟಿದ ಎಲೆಗಳಲ್ಲಿ, ಒಂದು ಹನಿ ಔಷಧಿಯನ್ನೂ ಕಾಣದ ಎಲೆಗಳಲ್ಲಿ, 9.

ನಾನು ಖುಷಿಯಿಂದ ಗಿಡವೇ ಎಚ್ಚರಾಗಿದೆ ಅಂದೆ. ಮಗಳು ಒಪ್ಪಲಿಲ್ಲ. "ಇಲ್ಲಪ್ಪ, ಫಾಸ್ಫೋನೇಟ್ ಗಿಡದೊಳಗೆ ಮೇಲಕ್ಕೂ ಹೋಗುತ್ತೆ, ಕೆಳಕ್ಕೂ ಹೋಗುತ್ತೆ. ಔಷಧಿಯೇ ಆ ಎಲೆಗೆ ಹೋಗಿ ಕೊಂದಿರಬಹುದು. ಇದು ಸಾಕ್ಷಿ ಅಲ್ಲ." ಅವಳು ಹೇಳಿದ್ದು ಸರಿ. ಈ ಔಷಧಿಯ ವಿಶೇಷವೇ ಅದು. ಎಲೆಗೆ ಹೊಡೆದರೂ ಬೇರಿಗೆ ಇಳಿಯುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಬೆಣ್ಣೆಹಣ್ಣಿನ ಮರದ ಬೇರು ಕೊಳೆತಕ್ಕೆ ಕಾಂಡಕ್ಕೇ ಚುಚ್ಚಿ ಕೊಡುತ್ತಾರೆ.

ಜೂನ್ 3ನೇ ವಾರ: ಬದುಕಿದ ಎಲೆ, ಸತ್ತ ಎಲೆ

ಹಾಗಾದರೆ ಔಷಧಿಯ ಕೆಲಸವನ್ನೂ ಗಿಡದ ಕೆಲಸವನ್ನೂ ಬೇರೆ ಮಾಡುವುದು ಹೇಗೆ? ಎರಡು ದಿನ ಇದನ್ನೇ ಯೋಚನೆ ಮಾಡಿದೆ. ಪಕ್ಕದ ಮನೆ ಅಣ್ಣನ ಮಾತೇ ದಾರಿ ತೋರಿಸಿತು. ಜೀವ ಇದ್ದಾಗ ಕೊಡಬೇಕು ಅಂದನಲ್ಲ, ಜೀವ ತೆಗೆದು ನೋಡಿದರೆ?

ಫಾಸ್ಫೋನೇಟ್ ಗುಂಪಿನಿಂದ 12 ಎಲೆ, ನೀರಿನ ಗುಂಪಿನಿಂದ 12 ಎಲೆ ತೆಗೆದೆವು. ಎರಡರಲ್ಲೂ ಅರ್ಧ ಎಲೆಗಳನ್ನು ಬಿಸಿನೀರಿನಲ್ಲಿ ಸಾಯಿಸಿದೆವು. ಮೊದಲ ಸಲ ಎಲೆಯನ್ನು ನೇರವಾಗಿ ನೀರಿಗೆ ಹಾಕಿಬಿಟ್ಟೆ. ಒಳಗಿನ ಔಷಧಿ ನೀರಿಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಆ ಎಲೆಗಳನ್ನೆಲ್ಲ ಎಸೆದು ಮತ್ತೆ ಕೊಯ್ದೆವು. ಎರಡನೇ ಸಲ ಗಾಳಿ ತೆಗೆದ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಬಾಯಿ ಬಿಗಿದು, ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ 10 ನಿಮಿಷ ಮುಳುಗಿಸಿದೆವು. ಎಲೆ ಮೆತ್ತಗಾಗಿ ಬಣ್ಣ ತಿರುಗಿತು. ಔಷಧಿ ಒಳಗೇ ಉಳಿಯಿತು, ಜೀವ ಹೋಯಿತು.

ಇದನ್ನು 48 ಗಂಟೆಗೇ ಅಳೆದೆವು. ಸತ್ತ ಎಲೆಗೆ ಮೂರನೇ ದಿನದಿಂದ ಬೇರೆ ಬೂಷ್ಟು ಹತ್ತಿಕೊಳ್ಳುತ್ತದೆ. ಔಷಧಿ ಇಲ್ಲದ ಬದುಕಿದ ಎಲೆಯಲ್ಲಿ ಮಚ್ಚೆ 14 ಮಿಲಿಮೀಟರ್. ಔಷಧಿ ಇದ್ದ ಬದುಕಿದ ಎಲೆಯಲ್ಲಿ 4. ಔಷಧಿ ಇಲ್ಲದ ಸತ್ತ ಎಲೆಯಲ್ಲಿ 19. ಔಷಧಿ ಇದ್ದ ಸತ್ತ ಎಲೆಯಲ್ಲಿ 15.

ಈ ಕೊನೆಯ ಅಂಕಿ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಔಷಧಿ ಅಲ್ಲೇ ಇತ್ತು. ರೋಗಾಣು ಅದರ ಮೇಲೆಯೇ ಹರಡಿಕೊಂಡು ಹೋಗಿತ್ತು. ಸ್ವಲ್ಪ ನಿಧಾನವಾಗಿತ್ತು, ಅಷ್ಟೇ. ಆಗಸ್ಟ್‌ನಲ್ಲಿ ನಾನು ಆ 11 ಬಳ್ಳಿಗಳಿಗೆ ಮಾಡಿದ್ದೂ ಇದೇ.

ಬದುಕಿದ ಎಲೆಯ ಮಚ್ಚೆಗಳು ಸಣ್ಣದಾಗಿದ್ದವು ಅಷ್ಟೇ ಅಲ್ಲ, ಅವುಗಳ ರೂಪವೇ ಬೇರೆ. ಎಲೆಯನ್ನು ಬೆಳಕಿಗೆ ಹಿಡಿದರೆ ನೂಲು ಬಿಚ್ಚಿದಂಥ ಅಂಚು ಇಲ್ಲ. ಸುತ್ತಲೂ ಗಟ್ಟಿ ಕಂದು ಗೆರೆ, ಬೇಲಿ ಹಾಕಿದ ಹಾಗೆ. ಎಲೆ ತನ್ನದೇ ಕೆಲವು ಕೋಶಗಳನ್ನು ಸಾಯಿಸಿ, ಪಕ್ಕದ ಕೋಶಗಳ ಗೋಡೆ ದಪ್ಪ ಮಾಡಿಕೊಂಡು ದಾರಿ ಮುಚ್ಚಿತ್ತು. ಇದಕ್ಕೆ ಔಷಧಿ ಕಾರಣವಾದರೂ ಬೇಲಿ ಹಾಕಿದ್ದು ಗಿಡವೇ.

ಒಂದು ಎಚ್ಚರಿಕೆ ಹೇಳಬೇಕು. ನಾವು ಕೊಟ್ಟ ಪ್ರಮಾಣ ಕಡಿಮೆ. ಎಲೆಯೊಳಗೆ ಫಾಸ್ಫೋನೇಟ್ ಜಾಸ್ತಿ ಸೇರಿದರೆ ಅದು ರೋಗಾಣುವಿನ ಬೆಳವಣಿಗೆಯನ್ನೇ ನೇರವಾಗಿ ತಡೆಯುತ್ತದೆ. ಕಡಿಮೆ ಇದ್ದಾಗ ಗಿಡದ ಪಾಲು ದೊಡ್ಡದು. ಎರಡೂ ಸೇರಿಯೇ ಕೆಲಸ ನಡೆಯುತ್ತದೆ. ನಮ್ಮ ಆರಾರು ಎಲೆಯ ಲೆಕ್ಕ ಇಡೀ ಜಗತ್ತಿಗೆ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ.

ಮಗಳು ಓದಿ ಹೇಳಿದ್ದು

ಡಬ್ಬಿಗಳನ್ನು ಕುದಿಸಿ ತೊಳೆದು, ಎಲೆಗಳನ್ನು ಸುಟ್ಟ ಮೇಲೆ ಒಂದು ಸಂಜೆ ಜಗುಲಿಯಲ್ಲಿ ಕೂತು ಅವಳು ವಿವರಿಸಿದಳು.

1961ರಲ್ಲಿ ಅಮೆರಿಕದ ಫ್ರಾಂಕ್ ರಾಸ್ ಅನ್ನುವ ವಿಜ್ಞಾನಿ ತಂಬಾಕು ಗಿಡದ ಕೆಲವು ಎಲೆಗಳಿಗೆ ಮಾತ್ರ ವೈರಸ್ ಹಚ್ಚಿದರು. ಕೆಲವು ದಿನದ ಮೇಲೆ ಅದೇ ಗಿಡದ ಬೇರೆ ಎಲೆಗಳಿಗೆ ಹಚ್ಚಿದರೆ ರೋಗ ಅಷ್ಟು ಹರಡಲಿಲ್ಲ. ಗಿಡದೊಳಗೆ ಸುದ್ದಿ ಹೋಗುತ್ತದೆ ಅಂತಾಯಿತು. ಈ ಎಚ್ಚರಕ್ಕೆ ಸ್ಯಾಲಿಸಿಲಿಕ್ ಆಮ್ಲ ಬೇಕು ಅಂತ ಆಮೇಲೆ ಗೊತ್ತಾಯಿತು. ನಾವು ತಲೆನೋವಿಗೆ ನುಂಗುವ ಆಸ್ಪಿರಿನ್‌ನ ಹತ್ತಿರದ ನೆಂಟ ಅದು. ಗಿಡ ತಾನೇ ತಯಾರಿಸಿಕೊಳ್ಳುತ್ತದೆ.

1998ರಲ್ಲಿ ಇನ್ನೂ ನೇರವಾದ ಪರೀಕ್ಷೆ ನಡೆಯಿತು. ಅರಾಬಿಡಾಪ್ಸಿಸ್ ಅಂತ ಸಾಸಿವೆ ಕುಟುಂಬದ ಪುಟ್ಟ ಗಿಡ. ಅದರಲ್ಲಿ ಸ್ಯಾಲಿಸಿಲಿಕ್ ಆಮ್ಲ ಉಳಿಯದ ಹಾಗೆ ಮಾಡಿದ ಗಿಡಗಳಿದ್ದವು, ಆ ಸುದ್ದಿ ಮುಟ್ಟದ ಗಿಡಗಳೂ ಇದ್ದವು. ಅವುಗಳಿಗೆ ಬೂಜು ರೋಗ ಹಚ್ಚಿ ಮೆಟಲಾಕ್ಸಿಲ್, ಫೊಸೆಟಿಲ್, ತಾಮ್ರದ ಔಷಧಿ ಕೊಟ್ಟರು. ಮಾಮೂಲಿ ಗಿಡದಲ್ಲಿ ರೋಗ ತಡೆದ ಔಷಧಿಗಳು ಈ ಗಿಡಗಳಲ್ಲಿ ಸೋತವು. ಮೆಟಲಾಕ್ಸಿಲ್‌ನಂಥ ಕಡು ವಿಷಕ್ಕೂ ಗಿಡದ ಕೈ ಬೇಕಿತ್ತು! ಫೊಸೆಟಿಲ್ ನಮ್ಮ ಫಾಸ್ಫೋನೇಟಿನ ಅಣ್ಣ. ಗಿಡದೊಳಗೆ ಹೋಗಿ ಅದೇ ವಸ್ತುವಾಗಿ ಒಡೆಯುತ್ತದೆ.

ಜಪಾನಿನ ಭತ್ತದ ಗದ್ದೆಗಳಲ್ಲಿ 1970ರ ದಶಕದಿಂದ ಪ್ರೊಬೆನಜೋಲ್ ಅನ್ನುವ ಔಷಧಿ ಬಳಸುತ್ತಿದ್ದಾರೆ. ಬೆಂಕಿ ರೋಗದ ಶಿಲೀಂಧ್ರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅದರ ಮೇಲೆ ಇದನ್ನು ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. ಗದ್ದೆಯಲ್ಲಿ ರೋಗ ನಿಲ್ಲುತ್ತದೆ. ಅಲ್ಲಿ ಕೆಲಸ ಮಾಡುವುದು ಭತ್ತ.

ಫಾಸ್ಫೋನೇಟ್ ಹೇಗೆ ಎಬ್ಬಿಸುತ್ತದೆ? ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕಳ್ಳ ಸದ್ದಿಲ್ಲದೆ ಅಂಗಳ ದಾಟಿದರೆ ಮನೆಯವರು ಏಳುವುದಿಲ್ಲ. ಫೈಟಾಫ್ತೊರಾ ಹಾಗೆ ಬರುತ್ತದೆ. ಫಾಸ್ಫೋನೇಟ್ ಅದರ ರಂಜಕದ ವ್ಯವಹಾರವನ್ನು ಕೆಡಿಸುತ್ತದೆ. ಕಾಲು ತಡವರಿಸಿದ ಕಳ್ಳ ಕೊಡಪಾನ ಉರುಳಿಸುತ್ತಾನೆ. ಗಿಡಕ್ಕೆ ಬೇಗ ಎಚ್ಚರವಾಗುತ್ತದೆ. ಆಮೇಲೆ ಬಡಿಯುವುದು ಮನೆಯವರ ಕೆಲಸ. ಮನೆಯಲ್ಲಿ ಯಾರೂ ಉಳಿದಿಲ್ಲದಿದ್ದರೆ ಸದ್ದಾಗಿ ಏನು ಪ್ರಯೋಜನ?

ಜುಲೈ: ಪಕ್ಕಕ್ಕೆ ಇಟ್ಟ 12 ಸಸಿ

ಎಲೆಯ ಲೆಕ್ಕ ಸಾಲದು, ಇಡೀ ಗಿಡ ನೋಡಬೇಕು ಅನ್ನಿಸಿತು. ಆರು ಸಸಿಗೆ ಮೊದಲೇ ಫಾಸ್ಫೋನೇಟ್ ಹೊಯ್ದು, ಹತ್ತು ದಿನ ಬಿಟ್ಟು 12 ಸಸಿಗೂ ರೋಗದ ಎಲೆ ನೆನೆಸಿದ ನೀರು ಹಾಕಿದೆವು. ಉಳಿದ ಆರಕ್ಕೆ ಎಲೆ ಬಾಡಿದ ದಿನ ಔಷಧಿ ಕೊಟ್ಟೆವು. ಪ್ರಮಾಣ ಒಂದೇ, ಬಾಟಲಿ ಒಂದೇ.

ಮೊದಲೇ ಕೊಟ್ಟ ಆರರಲ್ಲಿ ಐದು ಉಳಿದವು. ಬಾಡಿದ ಮೇಲೆ ಕೊಟ್ಟ ಆರರಲ್ಲಿ ಒಂದು ಉಳಿಯಿತು. ಅದೂ ಮೂರು ಎಲೆ ಕಳೆದುಕೊಂಡು.

ಪಕ್ಕದ ಮನೆ ಅಣ್ಣನನ್ನು ಕರೆದು ತೋರಿಸಿದೆ. ಅವನು ಸತ್ತ ಸಸಿಯೊಂದನ್ನು ಕೊಟ್ಟೆಯಿಂದ ಬಿಡಿಸಿ ಬೇರು ನೋಡಿದ. ಬೇರಿನ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಂತು. "ಕುಡಿಯೋಕೆ ಬಾಯೇ ಇಲ್ಲ, ಎಂಥ ಔಷಧಿ ಕೊಟ್ಟರೇನು?" ಅಂದ.

ತೋಟದಲ್ಲಿ ಮಾಡಿದ ದುರಸ್ತಿ

ಪ್ರಯೋಗದ ಜೊತೆಗೇ ತೋಟದ ಕೆಲಸವೂ ನಡೆದಿತ್ತು. ಇಲ್ಲಿ ಒಂದು ತಪ್ಪು ಮಾಡಿದೆ. ಜೂನ್ ಆರಂಭದಲ್ಲಿ ಬಳ್ಳಿಗಳಿಗೆ ಬೋರ್ಡೋ ಹೊಡೆದು, ಮೂರೇ ದಿನಕ್ಕೆ ಎಲೆಯ ಮೇಲೆ ಫಾಸ್ಫೋನೇಟ್ ಹೊಡೆದೆ. ಮಳೆ ಬಿಡುವು ಕೊಟ್ಟಿತ್ತು, ಸಿಕ್ಕಿದ ದಿನ ಮುಗಿಸೋಣ ಅಂತ ಅವಸರ. ವಾರದೊಳಗೆ ನಾಲ್ಕು ಬಳ್ಳಿಯ ಎಳೆ ಎಲೆಗಳು ಅಂಚಿನಿಂದ ಸುಟ್ಟ ಹಾಗೆ ಕರಕಲಾದವು. ರೋಗವೇ ಬಂತು ಅಂತ ಎದೆ ಒಡೆದುಕೊಂಡೆ. ಅದು ರೋಗ ಅಲ್ಲ. ಬೋರ್ಡೋದಲ್ಲಿ ಸುಣ್ಣ ತಾಮ್ರವನ್ನು ಹಿಡಿದಿಟ್ಟುಕೊಂಡಿರುತ್ತದೆ, ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಫಾಸ್ಫೋನೇಟ್ ಸ್ವಲ್ಪ ಹುಳಿ ಸ್ವಭಾವದ್ದು. ಅದು ಬಿದ್ದಾಗ ತಾಮ್ರ ಒಮ್ಮೆಲೇ ಕರಗಿ ಎಲೆಯೊಳಗೆ ಇಳಿಯುತ್ತದೆ. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸಲೇಬಾರದು. ಎಲೆಗೆ ಹೊಡೆಯುವಾಗಲೂ ನಾನು ಈಗ ಫಾಸ್ಫೋನೇಟ್ ಮೊದಲು ಹೊಡೆದು, ಎರಡು ಮೂರು ವಾರ ಬಿಟ್ಟು ಬೋರ್ಡೋ ಹೊಡೆಯುತ್ತೇನೆ.

ಕೆಳಗಿನ ಸಾಲಿನ ಬಸಿಗಾಲುವೆ ಹೂಳು ತುಂಬಿ ಒಂದು ಗೇಣು ಮಾತ್ರ ಉಳಿದಿತ್ತು. ಅದನ್ನು ಎರಡು ಅಡಿಗೆ ಇಳಿಸಿದೆವು. ನಾಲ್ಕು ಆಳಿಗೆ ಮೂರು ದಿನದ ಕೆಲಸ. ಇಡೀ ವರ್ಷದ ಖರ್ಚಿನಲ್ಲಿ ಇದೇ ದೊಡ್ಡದು. ಇದೇ ಮುಖ್ಯವಾದದ್ದು ಅಂತ ನನ್ನ ನಂಬಿಕೆ. ಬೇರು ಉಸಿರಾಡದಿದ್ದರೆ ಗಿಡ ಎಚ್ಚರಾಗುವುದಕ್ಕೂ ಶಕ್ತಿ ಇರುವುದಿಲ್ಲ. ನೆಲಕ್ಕೆ ತಾಗುವ ಹಬ್ಬು ಬಳ್ಳಿಗಳನ್ನು ಎತ್ತಿ ಕಟ್ಟಿದೆವು. ಮಳೆಹನಿ ಸಿಡಿದು ಮಣ್ಣಿನ ರೋಗಾಣು ಮೊದಲು ಹತ್ತುವುದು ಅವುಗಳಿಗೇ.

ದೊಡ್ಡ ಬಳ್ಳಿಗೆ ಬುಡಕ್ಕೆ 5 ಲೀಟರ್ ಫಾಸ್ಫೋನೇಟ್ ನೀರು ಕೊಟ್ಟೆ. ಮೊದಲ ಸಲ ಜೂನ್‌ನಲ್ಲಿ, ಮತ್ತೊಮ್ಮೆ ಆಗಸ್ಟ್ ಆರಂಭದಲ್ಲಿ. ಬುಡದ ಟ್ರೈಕೋಡರ್ಮಾ, ಅಂದರೆ ರೋಗಾಣುವನ್ನು ತಡೆಯುವ ಉಪಕಾರಿ ಶಿಲೀಂಧ್ರ, ಸಾಯುತ್ತದೇನೋ ಅಂತ ಹೆದರಿದ್ದೆ. ಎರಡಕ್ಕೂ ಹೊಂದಿಕೆ ಇದೆ. ತಾಮ್ರದ ಔಷಧಿಯನ್ನು ಬುಡಕ್ಕೆ ಹೊಯ್ಯುವಾಗ ಮಾತ್ರ ಟ್ರೈಕೋಡರ್ಮಾದಿಂದ ದೂರ ಇಡಬೇಕು.

ಅಂಗಡಿಯಲ್ಲಿ ಇದನ್ನು ರಂಜಕದ ಗೊಬ್ಬರ ಅಂತಲೂ ಹೊಗಳಿ ಕೊಡುವವರಿದ್ದಾರೆ. ನಂಬಬೇಡಿ. ಹೆಸರು ಹತ್ತಿರ ಇದ್ದರೂ ಫಾಸ್ಫೇಟ್ ಬೇರೆ, ಫಾಸ್ಫೋನೇಟ್ ಬೇರೆ. ಇದನ್ನು ಗಿಡ ಗೊಬ್ಬರವಾಗಿ ಬಳಸಿಕೊಳ್ಳಲಾರದು. ರಂಜಕದ ಕೊರತೆ ಇರುವ ಗಿಡಕ್ಕೆ ಮೇಲಿಂದ ಮೇಲೆ ಕೊಟ್ಟರೆ ತೊಂದರೆಯೇ ಜಾಸ್ತಿ. ಗಿಡದೊಳಗೆ ಇದು ತಿಂಗಳುಗಟ್ಟಲೆ ಉಳಿಯುತ್ತದೆ. ಸಾವಯವ ಪ್ರಮಾಣಪತ್ರ ಇರುವ ತೋಟದವರು, ಯುರೋಪಿಗೆ ಮೆಣಸು ಕೊಡುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಎಚ್ಚರ ಒಳ್ಳೆಯದು ಅಂತ ದಿನಾ ಎಬ್ಬಿಸುವುದೂ ಸರಿಯಲ್ಲ. ಕಾವಲಿಗೆ ಗಿಡ ತನ್ನ ಅನ್ನವನ್ನೇ ಖರ್ಚು ಮಾಡುತ್ತದೆ. ರೋಗ ಇಲ್ಲದ ಗೋಧಿಗೆ ಇಂಥ ಎಚ್ಚರಿಸುವ ಔಷಧಿ ಕೊಟ್ಟಾಗ ಬೆಳವಣಿಗೆಯೂ ಕಾಳೂ ಕಡಿಮೆಯಾದದ್ದನ್ನು ಜರ್ಮನಿಯಲ್ಲಿ ಕಂಡಿದ್ದಾರೆ. ವರ್ಷಕ್ಕೆ ಎರಡು ಸಲ ಸಾಕು ಅಂತ ನಾನು ನಿಲ್ಲಿಸಿದ್ದೇನೆ.

ಸೆಪ್ಟೆಂಬರ್ ಕೊನೆ

ಕೆಳಗಿನ ಸಾಲಿನಲ್ಲಿ ಉಳಿದಿದ್ದ 31 ಬಳ್ಳಿಗಳಲ್ಲಿ ಈ ಸಲ ಎರಡು ಹೋದವು. ಎರಡೂ ಕಾಲುವೆಯ ತಿರುವಿನಲ್ಲಿದ್ದವು, ಜುಲೈ ಮಳೆಗೆ ಅಲ್ಲಿ ದರೆ ಕುಸಿದು ನೀರು ನಿಂತಿತ್ತು. ಉಳಿದದ್ದು ಔಷಧಿಯಿಂದಲೋ ಕಾಲುವೆಯಿಂದಲೋ ಅಂತ ಬೇರೆ ಮಾಡಿ ಹೇಳಲಾರೆ. ತೋಟದಲ್ಲಿ ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೇನೆ. ಬರುವ ವರ್ಷ ಕಾಲುವೆ ಸರಿ ಇರುವ ಸಾಲಿನಲ್ಲೇ ಹತ್ತು ಬಳ್ಳಿಗೆ ಔಷಧಿ ಬಿಟ್ಟು ನೋಡಬೇಕು. ಅಪ್ಪಯ್ಯ ಒಪ್ಪಿದ್ದಾರೆ, ಮಲ್ಲಿಗೆಸರವನ್ನು ಮಾತ್ರ ಅದಕ್ಕೆ ಸೇರಿಸಬೇಡ ಅಂದಿದ್ದಾರೆ.

ಜುಲೈನಲ್ಲಿ ಉಳಿದ ಆ ಐದು ಸಸಿಗಳ ಬೇರಿನಲ್ಲಿ ರೋಗಾಣು ಇನ್ನೂ ಇರಬಹುದು. ಫಾಸ್ಫೋನೇಟ್ ರೋಗವನ್ನು ತಡೆಹಿಡಿಯುತ್ತದೆ, ಮಣ್ಣಿನಿಂದ ಅಳಿಸುವುದಿಲ್ಲ. ಅದಕ್ಕೇ ಅವನ್ನು ತೋಟಕ್ಕೆ ಇಳಿಸಲಿಲ್ಲ. ಮನೆಯ ಹಿಂದೆ, ತೋಟಕ್ಕೆ ನೀರು ಹರಿಯದ ಕಡೆ, ಹಾಲವಾಣದ ಗೂಟಗಳಿಗೆ ಹಬ್ಬಿಸಿದ್ದೇವೆ. ಗೂಟಕ್ಕೆ ಮಗಳು ಕೆಂಪು ಬಣ್ಣ ಬಳಿದು ತಾರೀಕು ಬರೆದಿದ್ದಾಳೆ. ನಿನ್ನೆ ನೋಡಿದಾಗ ಮೂರರಲ್ಲಿ ಹೊಸ ಕುಡಿ ಇತ್ತು.